ಮೊದಲ ತಾರೀಖು, ಕೊನೆಯ ತಾರೀಖು

ತೊಂಬತ್ತೊಂಬತ್ತರ ಏಪ್ರಿಲ್ ತಿಂಗಳ ಒಂದು ಮುಂಜಾನೆ ನಮ್ಮ ಪರ್ಸನೆಲ್ ಆಫೀಸರು ನನ್ನ ಮೇಜಿನ ಮೇಲೆ ಹನ್ನೆರಡು ಮಸ್ಟರ್ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ, ಅಂಗೈಯ ಧೂಳು ಝಾಡಿಸಿಕೊಂಡು, "ಹತ್ತು ದಿನ ಟೈಮ್ ಇದೆ ನೋಡಿ" ಅಂದರು. ಮಸ್ಟರ್ ಅಂದರೆ ಹಾಜರಿ ಪುಸ್ತಕ. ತಿಂಗಳಿಗೊಂದರಂತೆ ಹನ್ನೆರಡು. ಪುಣೆಯ ನಮ್ಮ ಕಾರ್ಖಾನೆಯ ಟೆಂಪರರಿ ಕೆಲಸಗಾರರು ಒಂದು ವರ್ಷದಲ್ಲಿ ಯಾವ ದಿನ ಬಂದರು, ಯಾವ ದಿನ ಬರಲಿಲ್ಲ ಎಂಬುದು ದಿನಕ್ಕೊಂದು ಅಕ್ಷರದಂತೆ ಅದರೊಳಗಿತ್ತು. ಬರೆದವರು ನಮ್ಮ ಟೈಮ್ ಕೀಪರು, ಮರಾಠಿಯವರು. ಬಂದವರ ಮುಂದೆ 'ಹ', ಬಾರದವರ ಮುಂದೆ 'ಗೈ', ರಜೆಗೆ 'ಸು'. ಒಟ್ಟು ನೂರಾ ಹನ್ನೆರಡು ಸಾಲು.

ವಿಷಯ ಇಷ್ಟು. ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ದುಡಿದವರನ್ನು ಸುಮ್ಮನೆ ಮನೆಗೆ ಕಳಿಸಲಿಕ್ಕೆ ಕಾಯ್ದೆ ಬಿಡುವುದಿಲ್ಲ. ಹಾಗಾಗಿ ಟೆಂಪರರಿ ಜನರಿಗೆ ಏಳನೆಯ ತಿಂಗಳಿಗೇ 'ಬ್ರೇಕ್' ಕೊಟ್ಟು ಕೆಲವು ದಿನ ಮನೆಯಲ್ಲಿ ಕೂಡಿಸುವ ರೂಢಿ. ಆ ವರ್ಷ ಆರ್ಡರುಗಳ ಗದ್ದಲದಲ್ಲಿ ಬ್ರೇಕ್ ಕೊಡುವುದು ಯಾರಿಗೂ ನೆನಪಾಗಲಿಲ್ಲ. ಯೂನಿಯನ್ನಿನವರು ಅದನ್ನು ಗಟ್ಟಿಯಾಗಿ ಹಿಡಿದರು. ಕೊನೆಗೆ ಒಪ್ಪಂದವಾಯಿತು: ಹಿಂದಿನ ಏಪ್ರಿಲ್ ಒಂದರಿಂದ ಈ ಮಾರ್ಚ್ ಮೂವತ್ತೊಂದರ ಒಳಗೆ ಇನ್ನೂರ ನಲವತ್ತು ದಿನ ತುಂಬಿದವರೆಲ್ಲ ಪರ್ಮನೆಂಟ್, ತುಂಬದವರಿಗೆ ಮೇ ಒಂದರಿಂದ ಕೆಲಸ ಇಲ್ಲ. ಯಾರು ಒಳಗೆ, ಯಾರು ಹೊರಗೆ ಅನ್ನುವ ಪಟ್ಟಿ ನಾನು ಮಾಡಬೇಕು. ಪ್ರತಿಯೊಬ್ಬರ ಮೊದಲ ತಾರೀಖು, ಕೊನೆಯ ತಾರೀಖು, ನಡುವೆ ಎಷ್ಟು ದಿನ.

ನಾನು ಆ ಕಾರ್ಖಾನೆಗೆ ಬಂದು ಐದು ತಿಂಗಳಾಗಿತ್ತು. ನಾನೂ ಪ್ರೊಬೇಷನ್ ಮೇಲೇ ಇದ್ದೆ, ನನ್ನ ಕನ್ಫರ್ಮೇಶನ್ ಕಾಗದ ಇದೇ ಆಫೀಸರ ಡ್ರಾಯರಿನಲ್ಲಿತ್ತು. ಸ್ವಾರಗೇಟ ಹತ್ತಿರದ ಒಂದು ಕ್ಲಾಸಿನಲ್ಲಿ ಮೂರು ತಿಂಗಳು ಸ್ಪ್ರೆಡ್‌ಶೀಟ್ ಕಲಿತಿದ್ದೆನೆಂಬ ಒಂದೇ ಕಾರಣಕ್ಕೆ ಈ ಹೊರೆ ನನ್ನ ತಲೆಯ ಮೇಲೆ ಬಿತ್ತು. ಕಲಿತದ್ದನ್ನು ಬಾಯಿಬಿಟ್ಟು ಹೇಳಬಾರದು ಅಂತ ಹಿರಿಯರು ಸುಮ್ಮನೆ ಅನ್ನುವುದಿಲ್ಲ.

ನಮ್ಮ ವಿಭಾಗಕ್ಕೆ ಒಂದೇ ಕಂಪ್ಯೂಟರು. ಅದಕ್ಕೊಂದು ಹೂವಿನ ಚಿತ್ರದ ಹೊದಿಕೆ. ಫ್ಯಾನು ಹಾಕಿದರೆ ಮಸ್ಟರಿನ ಹಾಳೆ ಹಾರುತ್ತಿದ್ದವು, ಹಾಕದಿದ್ದರೆ ಬೆವರು ಕೀಲಿಮಣೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಲ್ಲ ಖಾನೆಗಳಿಗೂ ಮೊದಲು 'ಪಿ' ತುಂಬಿ, ಬಾರದ ದಿನಗಳನ್ನು ಮಾತ್ರ 'ಎ' ಅಂತ ತಿದ್ದುತ್ತ, ವಾರದ ರಜೆಯನ್ನು ಖಾಲಿ ಬಿಡುತ್ತ ಹೋಗುವುದು ನಾನು ಕಂಡುಕೊಂಡ ದಾರಿ. ಎಡಗೈ ಬೆರಳು ಮಸ್ಟರಿನ ಸಾಲಿನ ಮೇಲೆ, ಬಲಗೈ ಕೀಲಿಯ ಮೇಲೆ. ಸಂಜೆ ಬಸ್ಸಿನಲ್ಲಿ ಕೂತು ಕಣ್ಣು ಮುಚ್ಚಿದರೂ 'ಹ, ಹ, ಗೈ, ಹ' ಅಂತ ಸಾಲು ಓಡುತ್ತಿದ್ದವು.

ಮೊದಲು ತಪ್ಪಿದ್ದು ಹಾಳೆ ಹಾಸುವುದರಲ್ಲೇ. ಮಸ್ಟರಿನಲ್ಲಿ ಇದ್ದ ಹಾಗೆ ಹೆಸರು ಎಡಕ್ಕೆ ಕೆಳಗಿಳಿಯುವಂತೆ, ತಾರೀಖು ಮೇಲೆ ಅಡ್ಡಕ್ಕೆ ಹೋಗುವಂತೆ ಹಾಸಿದ್ದೆ. ಒಂದೊಂದು ಪುಸ್ತಕ ತೆರೆದಾಗ ಆ ತಿಂಗಳ ತಾರೀಖುಗಳನ್ನು ಮುಂದೆ ಸೇರಿಸುತ್ತ ಹೋದೆ. ಮೂರನೆಯ ದಿನ ಮಧ್ಯಾಹ್ನ ಡಿಸೆಂಬರ್ ಹತ್ತಕ್ಕೆ ಬಂದು ಮುಂದಿನ ಖಾನೆಗೆ ಹೋಗಲು ಬಾಣದ ಕೀಲಿ ಒತ್ತಿದರೆ ಟಿಂಗ್ ಅಂತ ಸದ್ದಾಯಿತೇ ಹೊರತು ಖಾನೆ ಬರಲಿಲ್ಲ. ಆಗಿನ ಹಾಳೆಗೆ ಅಡ್ಡಕ್ಕೆ ಇನ್ನೂರ ಐವತ್ತಾರೇ ಖಾನೆ. ವರ್ಷಕ್ಕೆ ಮುನ್ನೂರ ಅರವತ್ತೈದು ದಿನ ಅನ್ನುವುದು ಅದನ್ನು ಮಾಡಿದವರಿಗೆ ಗೊತ್ತಿರಲಿಲ್ಲವೋ ಏನೋ! ಮೂರು ದಿನದ ಶ್ರಮ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು ಅಂತ ತಲೆಗೆ ಕೈ ಹೊತ್ತು ಕೂತೆ. ಕ್ಲಾಸಿನ ಮೇಷ್ಟ್ರಿಗೆ ಫೋನ್ ಮಾಡಿದಾಗ ಅವರು ನಕ್ಕು, ಹಾಳೆಯನ್ನು ಕಾಪಿ ಮಾಡಿ ಅಂಟಿಸುವಾಗ ಅಡ್ಡ ಇದ್ದದ್ದನ್ನು ಉದ್ದ ಮಾಡುವ ಒಂದು ಆಯ್ಕೆ ಇದೆ ಅಂದರು. ಮಾಡಿದೆ. ತಾರೀಖುಗಳು ಎಡಕ್ಕೆ ಕೆಳಗಿಳಿದವು, ಜನ ಮೇಲೆ ಅಡ್ಡಕ್ಕೆ ನಿಂತರು. ಉದ್ದಕ್ಕೆ ಸಾವಿರಾರು ಖಾನೆ ಇದ್ದವು, ಜನ ನೂರಾ ಹನ್ನೆರಡೇ. ಎರಡೂ ಹಿಡಿದವು.

ಎರಡನೆಯದು ತಾರೀಖಿನ ಕಾಟ. ಜುಲೈ ತಿಂಗಳಲ್ಲಿ ಕೆಲಸ ಬಿಟ್ಟ ಒಬ್ಬನ ಕೊನೆಯ ತಾರೀಖು ಹುಡುಕು ಅಂತ ಸೂತ್ರ ಬರೆದರೆ, ಅವನು ಡಿಸೆಂಬರ್ ಏಳರವರೆಗೆ ದುಡಿದಿದ್ದಾನೆ ಅಂತ ಬಂತು. ನಾಲ್ಕು ಸಾರಿ ನೋಡಿದೆ. ನಮ್ಮ ಕಂಪ್ಯೂಟರಿಗೆ ಅಮೆರಿಕದ ಪದ್ಧತಿ ಹಾಕಿಟ್ಟಿದ್ದರು; ಅದು ಮೊದಲು ತಿಂಗಳು, ಆಮೇಲೆ ದಿನ ಓದುತ್ತದೆ. ನಾನು ಜುಲೈ ಹನ್ನೆರಡಕ್ಕೆ '12/7' ಅಂತ ಹಾಕಿದ್ದನ್ನು ಅದು ಡಿಸೆಂಬರ್ ಏಳು ಅಂದುಕೊಂಡಿತ್ತು. ಹದಿಮೂರರಿಂದ ಮುಂದಿನ ದಿನಗಳನ್ನು, ಹದಿಮೂರನೆಯ ತಿಂಗಳು ಇಲ್ಲವಲ್ಲ, ತಾರೀಖು ಅಂತಲೇ ಒಪ್ಪದೆ ಬರೀ ಅಕ್ಷರ ಅಂತ ಎಡಕ್ಕೆ ಸರಿಸಿ ಇಟ್ಟಿತ್ತು. ಪರದೆಯ ಮೇಲೆ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ತಲೆ ಕೆಟ್ಟು ಮೊಸರಿನ ಗಡಿಗೆಯಾಯಿತು. ಯಂತ್ರದ ಪದ್ಧತಿ ಬದಲಿಸಿ, ತಾರೀಖಿನ ಸಾಲನ್ನೇ ಅಳಿಸಿ, ಮೊದಲ ಖಾನೆಯಲ್ಲಿ ಏಪ್ರಿಲ್ ಒಂದು ಅಂತ ಬರೆದು, ಅದರ ಕೆಳಗಿನದಕ್ಕೆಲ್ಲ 'ಮೇಲಿನದಕ್ಕೆ ಒಂದು ಕೂಡಿಸು' ಅಂತ ಹೇಳಿದೆ. ಆಗ ಮಾರ್ಚ್ ಮೂವತ್ತೊಂದರವರೆಗೆ ತಾನೇ ನೆಟ್ಟಗೆ ಇಳಿಯಿತು.

ಮೂರನೆಯದಕ್ಕೆ ಮಾತ್ರ ನನ್ನನ್ನು ನಾನೇ ಬೈದುಕೊಳ್ಳಬೇಕು. ಸಂಬಳ ಸಹಿತ ವಾರದ ರಜೆಯೂ ಲೆಕ್ಕಕ್ಕೆ ಬರಬೇಕೆಂದು ಒಪ್ಪಂದದಲ್ಲಿತ್ತು. ವಾರದ ದಿನ ಗುರುತಿಸುವ ಸೂತ್ರವನ್ನು ಕ್ಲಾಸಿನ ಪುಸ್ತಕ ನೋಡಿ ಬರೆದೆ. ಅದರಲ್ಲಿ ಉದಾಹರಣೆ ಭಾನುವಾರದ್ದು. ನಮ್ಮ ಭಾಗದ ಕಾರ್ಖಾನೆಗಳಿಗೆ ಕರೆಂಟು ತೆಗೆಯುವ ದಿನ ಗುರುವಾರ, ರಜೆಯೂ ಗುರುವಾರವೇ. ನಾನೇ ವಾರವಾರ ಗುರುವಾರ ಮನೆಯಲ್ಲಿ ಕಾಲು ಚಾಚಿ ಮಲಗುವವನು, ಸೂತ್ರ ಬರೆಯುವಾಗ ಅದು ಮರೆತುಹೋಯಿತು. ಭಾನುವಾರ ದುಡಿದದ್ದು ಎರಡೆರಡು ಸಾರಿ ಸೇರಿತು, ಗುರುವಾರ ಸೊನ್ನೆಯಾಯಿತು. ಆ ಸೂತ್ರಕ್ಕೆ ಭಾನುವಾರ ಒಂದು, ಗುರುವಾರ ಐದು; ಒಂದರ ಜಾಗದಲ್ಲಿ ಐದು ಅಂತ ತಿದ್ದಿದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಕಂಪ್ಯೂಟರು. ಕೇಳಿದ್ದನ್ನು ಹೇಳುತ್ತದೆ, ಕೇಳಿದ್ದು ಸರಿಯೋ ಅಂತ ಕೇಳುವುದಿಲ್ಲ.

ಕೊನೆಗೆ ಸೂತ್ರಗಳು ಸರಿಯಾಗಿ ನಿಂತವು. ಒಬ್ಬರ ಸಾಲಿನಲ್ಲಿ ಮೊಟ್ಟಮೊದಲ 'ಪಿ' ಎಷ್ಟನೆಯ ಖಾನೆಯಲ್ಲಿದೆ ಅಂತ 'ಮ್ಯಾಚ್' ಹುಡುಕಬೇಕು, ಆ ಖಾನೆಯ ಎದುರಿನ ತಾರೀಖನ್ನು 'ಇಂಡೆಕ್ಸ್' ಎತ್ತಿಕೊಡಬೇಕು. ಅದು ಮೊದಲ ತಾರೀಖು. 'ಪಿ' ಇದ್ದ ತಾರೀಖುಗಳಲ್ಲೆಲ್ಲ ದೊಡ್ಡದು ಯಾವುದು ಅಂತ 'ಮ್ಯಾಕ್ಸ್' ಹೇಳಬೇಕು, ಬರೆದಾದ ಮೇಲೆ ಮೂರು ಕೀಲಿ ಒಟ್ಟಿಗೇ ಒತ್ತಬೇಕು, ಇಲ್ಲದಿದ್ದರೆ ಅದಕ್ಕೆ ತಿಳಿಯುವುದಿಲ್ಲ. ಅದು ಕೊನೆಯ ತಾರೀಖು. ನಡುವಿನ 'ಪಿ'ಗಳ ಎಣಿಕೆಗೆ ನಡುವಿನ ಗುರುವಾರಗಳನ್ನು ಕೂಡಿಸಿದರೆ ಮುಗಿಯಿತು. ಒಂಬತ್ತನೆಯ ದಿನ ಪಟ್ಟಿ ಪ್ರಿಂಟರಿನಿಂದ ಕರಕರ ಅಂತ ಹೊರಬಂತು. ಅರವತ್ತೆಂಟು ಜನ ಒಳಗೆ, ನಲವತ್ತನಾಲ್ಕು ಜನ ಹೊರಗೆ. ನಾನು ಸಹಿ ಮಾಡಿದೆ. ಆಫೀಸರು ಮಾಡಿದರು, ಯೂನಿಯನ್ ಸೆಕ್ರೆಟರಿ ಮಾಡಿದರು. ನೋಟಿಸ್ ಬೋರ್ಡಿಗೆ ಹಚ್ಚಿದ್ದಾಯಿತು. ನನಗೆ ಸಂತೋಷವೇನೂ ಆಗಲಿಲ್ಲ, ಮಲಗಿದರೆ ಸಾಕಾಗಿತ್ತು.

ಮರುದಿನ ಊಟದ ಹೊತ್ತಿಗೆ ನನ್ನ ಕಿಟಕಿಯ ಹತ್ತಿರ ಪ್ಯಾಕಿಂಗ್ ವಿಭಾಗದ ಒಬ್ಬಳು ಬಂದು ನಿಂತಳು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಕೈತುಂಬ ಹಸಿರು ಬಳೆ. ನಾನು ಆಫೀಸರ ಜೊತೆ ಕನ್ನಡ ಮಾತಾಡುವುದನ್ನು ಕೇಳಿದ್ದಳೇನೋ, ನೇರ ಕನ್ನಡದಲ್ಲೇ ಶುರು ಮಾಡಿದಳು.

"ಅಣ್ಣಾರ, ನನ್ನ ಹೆಸರು ಬಂದಿಲ್ರಿ ಪಟ್ಟಿವಳಗ."

"ಟೋಕನ್ ನಂಬರ?"

"ನೂರಾ ಮೂರ್ರಿ. ಅಶ್ವಿನಿ."

ಹಾಳೆ ತೆರೆದು ನೋಡಿದೆ. ಮೊದಲ ತಾರೀಖು ಡಿಸೆಂಬರ್ ಹದಿನೈದು. ಕೊನೆಯದು ಮಾರ್ಚ್ ಮೂವತ್ತೊಂದು. ತೊಂಬತ್ತಾರು ದಿನ.

"ನೀ ಡಿಸೆಂಬರ್‌ದಾಗ ಬಂದಾಕಿ, ತಂಗಿ. ಮೂರುವರಿ ತಿಂಗಳದಾಗ ಎರಡನೂರಾ ನಲವತ್ತು ದಿನ ಹೆಂಗ ಆಗ್ತಾವ?"

"ಇಲ್ರಿ, ನಾ ಮಳಿ ಹಿಡಿಯೂ ಮುಂದ ಬಂದೀನಿ. ಪ್ಯಾಕಿಂಗ್‌ದಾಗ ಯಾರನ್ನ ಕೇಳ್ರಿ ಬೇಕಾದ್ರ."

"ಕಂಪ್ಯೂಟರ್‌ದಾಗ ಹಂಗಿಲ್ಲ."

"ಕಂಪ್ಯೂಟರ್ ಪ್ಯಾಕಿಂಗಿಗೆ ಯಾವಾಗ ಬಂದಿತ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಮುಂಜಾನೆಯಿಂದ ಇಂಥ ಹನ್ನೊಂದು ಜನ ಬಂದು ಹೋಗಿದ್ದರು, ಎಲ್ಲರೂ ತಮ್ಮ ದಿನ ಜಾಸ್ತಿ ಇವೆ ಅನ್ನುವವರೇ. "ನನ್ನ ತಲಿ ತಿನಬ್ಯಾಡವ್ವ, ಹೋಗು" ಅಂದೆ. ಅವಳು ಹೋಗಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತು, ದನಿ ತಗ್ಗಿಸಿ ಹೇಳಿದಳು:

"ಪರ್ಮನೆಂಟ್ ಆದ್ರ ಇಲ್ಲೇ ಒಂದು ಖೋಲಿ ಹಿಡಿಯೂಣು ಅಂದಾರ್ರಿ ನಮ್ಮ ಮನಿಯವರು. ಇಲ್ಲಂದ್ರ ಮೇ ಒಂದಕ್ಕ ಶಿರೂರ ಕಡೆ ಅತ್ತಿ ಮನಿಗೆ, ಉಳ್ಳಾಗಡ್ಡಿ ಹೊಲಕ್ಕ. ಒಮ್ಮೆ ಅಲ್ಲಿಗೆ ಹ್ವಾದ್ರ ನನ್ನ ತಿರುಗಿ ಬಿಡೂದಿಲ್ರಿ ಅವರು."

ಇನ್ನೇನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಊಟದ ಬಿಡುವು ಮುಗಿಯಿತೆಂದು ಕಾರ್ಖಾನೆಯ ಭೋಂಗಾ ಊದಿತು. ಭೋಂಗಾ ಊದಿ ಎರಡು ನಿಮಿಷದೊಳಗೆ ಜಾಗದಲ್ಲಿ ಇರದಿದ್ದರೆ ಅರ್ಧ ದಿನ ಹೋಗುತ್ತದೆ. ಓಡಿದಳು.

ಆ ಸಂಜೆ ಊಟಕ್ಕೆ ಕೂತಿದ್ದೆ. ಎದುರು ಮನೆಯವರ ಫೋನಿಗೆ ವಿಜಾಪುರದಿಂದ ನನ್ನ ಅತ್ತೆಯ ಕರೆ ಬಂತು. ನನ್ನ ಹೆಂಡತಿ ಓಡಿದಳು. ನಮ್ಮ ಅತ್ತೆಯ ದನಿಗೆ ಫೋನಿನ ಅಗತ್ಯವೇ ಇಲ್ಲ, ವಿಜಾಪುರದಿಂದ ಕೂಗಿದರೂ ಪುಣೆಗೆ ಕೇಳಿಸುತ್ತದೆ. ಮಗಳನ್ನು ತವರಿನ ಹೆಸರು ಹಿಡಿದು ಕರೆದದ್ದು ನಮ್ಮ ಅಡುಗೆಮನೆಯವರೆಗೂ ಬಂತು. ಹೆಂಡತಿ ತಿರುಗಿ ಬಂದು ರೊಟ್ಟಿ ಬಡಿಯಲು ಕೂತಾಗ ತಮಾಷೆಗೆ ಅಂದೆ:

"ನಿಮ್ಮವ್ವ ಇನ್ನೂ ಹಳೇ ಹೆಸರಲೇ ಕರೀತಾಳಲ್ಲ. ಹದಿನಾಕು ವರ್ಷ ಆತು ಲಗ್ನ ಆಗಿ."

"ಹಡದಾಕಿ ಮತ್ತೇನಂತ ಕರೀಬೇಕು? ಈ ಹೆಸರು ನಿಮ್ಮ ಮನ್ಯಾಗ ಹುಟ್ಟಿದ್ದು. ಅದಕ್ಕಿಂತ ಮೊದಲ ನಾ ಇಪ್ಪತ್ತು ವರ್ಷ ಬದುಕಿದ್ದಿಲ್ಲೇನು? ಅವು ಯಾರ ಖಾತಿಗೆ ಹ್ವಾದವು?"

ನಕ್ಕೇ ಅಂದಳು. ನನ್ನ ಕೈಯ ತುತ್ತು ಮಾತ್ರ ಕೈಯಲ್ಲೇ ಉಳಿಯಿತು. ನಮ್ಮ ಕಡೆಯಲ್ಲೂ ಮರಾಠಿ ಜನರಲ್ಲೂ ಒಂದೇ ಪದ್ಧತಿ: ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಅದರಲ್ಲಿ ಉಂಗುರದಿಂದ ಗಂಡು ಹೊಸ ಹೆಸರು ಬರೆಯುತ್ತಾನೆ. ಅಡ್ಡಹೆಸರಷ್ಟೇ ಅಲ್ಲ, ಹುಟ್ಟಿನಿಂದ ಕರೆದ ಹೆಸರೂ ಅಂದಿಗೆ ಮುಗಿಯುತ್ತದೆ. ನಾನೂ ಬರೆದಿದ್ದೆ. ನನ್ನ ಅಕ್ಕ ಆರಿಸಿದ ಹೆಸರು. ಮದುಮಗಳನ್ನು ಯಾರೂ ಕೇಳಲಿಲ್ಲ, ನಾನಂತೂ ಕೇಳಲಿಲ್ಲ. ಕಿಟಕಿಯ ಸರಳು ಹಿಡಿದಿದ್ದ ಆ ಕೈ, ಹೊಸ ಮದುವಣಗಿತ್ತಿಯ ಹಸಿರು ಬಳೆಯ ಕೈ, ಕಣ್ಣ ಮುಂದೆ ಬಂತು. ಅವಳಿಗೂ ಮೊದಲೊಂದು ಹೆಸರು ಇದ್ದಿರಬೇಕು ಅನ್ನಿಸಿ ನನಗೆ ನಾಚಿಕೆಯಾಯಿತು.

ಮರುದಿನ ಹೋದವನೇ ಹೊದಿಕೆ ಕಿತ್ತು ಹಾಳೆ ತೆರೆದೆ. ಇಷ್ಟು ದಿನ ಒಬ್ಬೊಬ್ಬರ ಮೊದಲ ತಾರೀಖು, ಕೊನೆಯ ತಾರೀಖು ಬೇರೆ ಬೇರೆ ಹುಡುಕಿದ್ದೆ. ಈಗ ಬಿಟ್ಟುಹೋದ ಹೆಂಗಸರನ್ನೆಲ್ಲ ಕೊನೆಯ ತಾರೀಖಿನ ಕ್ರಮದಲ್ಲಿ ಜೋಡಿಸಿ, ಅಶ್ವಿನಿಯ ಮೊದಲ ತಾರೀಖಿಗಿಂತ ಹಿಂದೆ, ಒಂದು ತಿಂಗಳ ಒಳಗೆ ಯಾರ ಸಾಲು ನಿಂತಿದೆ ಅಂತ ನೋಡಿದೆ. ಒಬ್ಬಳೇ ಇದ್ದಳು. ರೇಣುಕಾ, ಟೋಕನ್ ನಲವತ್ತೇಳು, ಪ್ಯಾಕಿಂಗ್. ಮೊದಲ ತಾರೀಖು ಜೂನ್ ಎರಡು. ಕೊನೆಯ ತಾರೀಖು ನವೆಂಬರ್ ಇಪ್ಪತ್ತೈದು. ನೂರಾ ಅರವತ್ತೆಂಟು ದಿನ. ನವೆಂಬರ್ ಕೊನೆ ಅಂದರೆ ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾಗುವ ಕಾಲ. ಎರಡೂ ಕೂಡಿಸಿದರೆ ಇನ್ನೂರ ಅರವತ್ತನಾಲ್ಕು.

ಕೂಡಿಸುವುದು ನನ್ನ ಕೆಲಸವಲ್ಲ, ಇಬ್ಬರೂ ಒಬ್ಬಳೇ ಅಂತ ಮೊದಲು ಗೊತ್ತಾಗಬೇಕು. ಮಸ್ಟರ್ ಎತ್ತಿಕೊಂಡು ಗೇಟಿನ ಪಕ್ಕದ ಟೈಮ್ ಆಫೀಸಿಗೆ ಹೋದೆ. ಟೈಮ್ ಕೀಪರು ಚಹಾ ತರಿಸಿದರು. ರೇಣುಕಾಳ ಹೆಸರಿನ ಮೇಲೆ ಬೆರಳಿಟ್ಟು ಈಕೆ ಎಲ್ಲಿ ಹೋದಳು ಅಂತ ಕೇಳಿದೆ. ಅವರ ಮುಖ ಅರಳಿತು.

"ಕುಠೇ ಗೇಲೀ ಮ್ಹಣಜೇ? ಲಗ್ನ ಝಾಲಂ ತಿಚಂ!" ಎಲ್ಲಿ ಹೋದಳು ಅಂದರೇನು, ಮದುವೆಯಾಯಿತಲ್ಲ ಅವಳದು! ಮದುವೆ ಮುಗಿಸಿ ಬಂದವಳು ಮೊದಲು ಪೇಢೆ ತಂದು ಅವರ ಕೈಗೆ ಕೊಟ್ಟಳಂತೆ. ಹೊಸ ಹೆಸರು ಹೇಳಿದಳಂತೆ. ಇವರು ಸಂತೋಷದಿಂದ ಹೊಸ ಗೇಟ್ ಪಾಸ್ ಮಾಡಿಸಿ, ಮಸ್ಟರಿನ ಕೊನೆಗೆ ಹೊಸ ಸಾಲು ಹಾಕಿ, ಒಳ್ಳೆಯ ಅಕ್ಷರದಲ್ಲಿ ಹೊಸ ಹೆಸರು ಬರೆದುಕೊಟ್ಟರು. ಮದುವೆಯಾದವಳ ಹಳೆಯ ಹೆಸರಿನ ಮುಂದೆ ಹಾಜರಿ ಹಾಕುವುದು ಅವರ ಮನಸ್ಸಿಗೆ ಬರಲಿಲ್ಲ. ಮೂವತ್ತು ವರ್ಷದಿಂದ ಎಲ್ಲ ಹೆಣ್ಣುಮಕ್ಕಳಿಗೂ ಹೀಗೇ ಮಾಡಿದ್ದರು.

ನಾನು ಪಟ್ಟಿಯ ವಿಷಯ ಹೇಳಿದೆ. ಅವರ ಚಹಾದ ಬಶಿ ಮೇಜಿನ ಮೇಲೆ ಕೂತಿತು. ಅವರ ನಿವೃತ್ತಿಗೆ ಎರಡು ತಿಂಗಳಿತ್ತು. "ಮಾಝಂ ನಾವ್ ನಕೋ ಹಂ ಘೇಊ" ಅಂದರು, ನನ್ನ ಹೆಸರು ಮಾತ್ರ ಎತ್ತಬೇಡಿ ಅಂತ.

ಆಫೀಸರ ಹತ್ತಿರ ಹೋದೆ. ಬೆಂಗಳೂರಿನವರು, ಕೆಟ್ಟವರಲ್ಲ, ಆದರೆ ಆ ಒಪ್ಪಂದದ ಓಡಾಟದಲ್ಲಿ ಅವರೂ ಸೋತು ಸುಣ್ಣವಾಗಿದ್ದರು. ಪೂರ್ತಿ ಕೇಳಿ ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು.

"ಲಿಸ್ಟು ನಾಳೆ ಲೇಬರ್ ಆಫೀಸಿಗೆ ಹೋಗ್ಬೇಕು ಕಣ್ರೀ. ಮೂರು ಸೈನ್ ಆಗೋಗಿದೆ. ಈಗ ಒಂದು ಹೆಸರು ಸೇರಿಸಿದ್ರೆ ಉಳಿದ ನಲವತ್ತಮೂರು ಜನ ಬಂದು ನನ್ನ ಬಾಗಿಲಲ್ಲಿ ನಿಂತ್ಕೋತಾರೆ. ನಿಮ್ಮ ಕಂಪ್ಯೂಟರ್ ಏನ್ ಹೇಳ್ತು?"

"ಕಂಪ್ಯೂಟರ್ ನಾ ಕೇಳಿದ್ದಷ್ಟ ಹೇಳ್ಯದ್ರಿ ಸರ. ನಾ ಕೇಳಿದ್ದ ತಪ್ಪಿತ್ತು."

"ಪ್ರೂಫ್ ಏನಿದೆ? ಇಬ್ಬರೂ ಒಬ್ಬಳೇ ಅನ್ನೋದಕ್ಕೆ?"

ನನ್ನ ಹತ್ತಿರ ಎರಡು ತಾರೀಖು ಬಿಟ್ಟರೆ ಏನೂ ಇರಲಿಲ್ಲ. "ಸಂಜೆ ಒಳಗೆ ಕಾಗದ ತನ್ನಿ, ಇಲ್ಲಾಂದ್ರೆ ಬಿಟ್ಬಿಡಿ. ನಿಮ್ದೂ ಕನ್ಫರ್ಮೇಶನ್ ಬಾಕಿ ಇದೆ, ಯೋಚ್ನೆ ಮಾಡಿ" ಅಂದರು. ಹೆದರಿಸಲಿಕ್ಕೆ ಅಂದರೋ, ಕಾಳಜಿಯಿಂದ ಅಂದರೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಗೆ ಬಂದು ಸೈಕಲ್ ಸ್ಟ್ಯಾಂಡಿನ ನೆರಳಲ್ಲಿ ನಿಂತೆ. ಸುಳ್ಳು ಹೇಳುವುದಿಲ್ಲ, ಬಿಟ್ಟುಬಿಡಬೇಕು ಅಂತ ಭಾಳ ಅನ್ನಿಸಿತು. ಹತ್ತು ದಿನದಿಂದ ಕುತ್ತಿಗೆ ತಿರುಗುತ್ತಿರಲಿಲ್ಲ. ಹಳೆಯ ಕಂಪನಿ ಬಾಗಿಲು ಹಾಕಿದ ಮೇಲೆ ಏಳು ತಿಂಗಳು ಖಾಲಿ ಕೂತು ಹೆಂಡತಿಯ ಮುಖ ನೋಡಲಾಗದೆ ಒದ್ದಾಡಿದ ನೆನಪು ಇನ್ನೂ ಹಸಿಯಾಗಿತ್ತು. ಯಾರೋ ಒಬ್ಬಳು ಶಿರೂರಿಗೆ ಹೋದರೆ ನನಗೇನು, ಊರಿನ ಚಿಂತೆ ಮಾಡಿ ಮುಲ್ಲಾ ಸೊರಗಿದನಂತೆ. ಹೀಗೆಲ್ಲ ಅಂದುಕೊಂಡೆ. ಆದರೆ ಅವಳನ್ನು ಹೊರಗೆ ಹಾಕಿದ ಪಟ್ಟಿಯ ಕೆಳಗೆ ಇದ್ದದ್ದು ನನ್ನ ಸಹಿ. ಟೈಮ್ ಕೀಪರು ಒಂದು ಸಾಲನ್ನು ಎರಡು ಮಾಡಿದರು, ನಿಜ. ಎರಡು ಸಾಲು ನೋಡಿ ಎರಡು ಜನ ಅಂದವನು ನಾನು.

ಗೇಟ್ ಪಾಸ್ ರಿಜಿಸ್ಟರ್ ನೆನಪಾದದ್ದು ಆಗ. ಪಾಸ್ ಕೊಡುವಾಗ ಒಂದು ಫೋಟೋ ಪಾಸಿಗೆ, ಇನ್ನೊಂದು ರಿಜಿಸ್ಟರಿಗೆ ಅಂಟಿಸುತ್ತಾರೆ. ಸೆಕ್ಯುರಿಟಿಯವರ ಕಪಾಟಿನಿಂದ ಅದನ್ನು ತೆಗೆಸಿ, ಜೂನ್ ತಿಂಗಳ ಪುಟಕ್ಕೆ ಒಂದು ಬೆರಳು, ಡಿಸೆಂಬರಿನ ಪುಟಕ್ಕೆ ಇನ್ನೊಂದು ಬೆರಳು ಇಟ್ಟು ತಿರುಗಿಸಿ ನೋಡಿದೆ. ಒಂದೇ ಫೋಟೋ. ಅದೇ ಎರಡು ಜಡೆ, ಅದೇ ಗಾಬರಿ ಕಣ್ಣು, ಎಡಕ್ಕೆ ಸ್ವಲ್ಪ ವಾಲಿದ ಅದೇ ಹಣೆಬೊಟ್ಟು. ಆರು ಪ್ರತಿ ತೆಗೆಸಿದ್ದಳೇನೋ, ಉಳಿದದ್ದರಲ್ಲೇ ಒಂದನ್ನು ಮತ್ತೆ ಕೊಟ್ಟಿದ್ದಳು. ಪುಣ್ಯಾತ್ಗಿತ್ತಿ, ಹೊಸ ಫೋಟೋ ತೆಗೆಸಿಕೊಂಡಿರಲಿಲ್ಲ!

ರಿಜಿಸ್ಟರ್ ಬಗಲಲ್ಲಿ ಹಿಡಿದು ಮತ್ತೆ ಟೈಮ್ ಕೀಪರ ಹತ್ತಿರ ಹೋದೆ. ಎರಡೂ ಪುಟ ತೋರಿಸಿದೆ. ಒಂದು ಸಾಲು ಬರೆದುಕೊಡಿ, ಇಬ್ಬರೂ ಒಬ್ಬಳೇ ಅಂತ, ಇಷ್ಟೇ ಸಾಕು ಅಂದೆ. ಅವರು ಬಹಳ ಹೊತ್ತು ಫೋಟೋ ನೋಡಿದರು. ಆಮೇಲೆ ಕಿಸೆಯಿಂದ ಪೆನ್ನು ತೆಗೆದರು.

"ಪೇಢೇ ಖಾಲ್ಲೇತ ಮೀ ತಿಚೇ" ಅಂದರು. ಅವಳ ಪೇಢೆ ತಿಂದಿದ್ದೇನೆ ನಾನು. ಬರೆದು ಸಹಿ ಮಾಡಿದರು. ನನಗೆ ಅವರ ಕಾಲು ಮುಟ್ಟಬೇಕು ಅನ್ನಿಸಿತು.

ನನ್ನ ಟಿಪ್ಪಣಿಯನ್ನು ನಾನೇ ಟೈಪ್ ಮಾಡಿದೆ. ನಾನು ತಯಾರಿಸಿದ ಪಟ್ಟಿಯಲ್ಲಿ ತಪ್ಪಾಗಿದೆ, ಟೋಕನ್ ನಲವತ್ತೇಳು ಮತ್ತು ನೂರಾ ಮೂರು ಒಬ್ಬರೇ, ಪರಿಶೀಲಿಸದೆ ಸಹಿ ಮಾಡಿದ್ದು ನನ್ನ ಹೊಣೆ. ಟೈಮ್ ಕೀಪರು ಹೊಸ ಸಾಲು ಯಾಕೆ ಹಾಕಿದರು ಅನ್ನುವುದರ ಬಗ್ಗೆ ಒಂದಕ್ಷರ ಬರೆಯಲಿಲ್ಲ. ಆಫೀಸರು ಎರಡು ಸಾರಿ ಓದಿದರು.

"ತಪ್ಪು ನಂದು ಅಂತ ಬರ್ಕೊಂಡಿದ್ದೀರಿ. ಇದು ನಿಮ್ಮ ಫೈಲಿಗೆ ಹೋಗುತ್ತೆ, ಗೊತ್ತು ತಾನೆ?"

"ಗೊತ್ತದರಿ ಸರ."

"ಲೇಬರ್ ಆಫೀಸಿಗೆ ಎರಡು ದಿನ ತಡ ಅಂತ ನಾನು ಫೋನ್ ಮಾಡ್ತೀನಿ. ಇಂಥವರು ಇನ್ನೂ ಎಷ್ಟು ಜನ ಇದ್ದಾರೆ ಹುಡುಕಿ. ಅರ್ಧಂಬರ್ಧ ಮಾಡೋದು ಬೇಡ."

ಹುಡುಕಿದೆ. ನಡುವೆಯೇ ಸಾಲು ನಿಂತುಹೋದ ಪ್ರತಿ ಹೆಂಗಸಿನ ಕೊನೆಯ ತಾರೀಖಿನ ಮುಂದೆ, ಮೂವತ್ತು ದಿನದೊಳಗೆ ಶುರುವಾದ ಹೊಸ ಹೆಸರು ಇದೆಯೇ ಅಂತ. ಇನ್ನೂ ಎರಡು ಜೋಡಿ ಸಿಕ್ಕವು. ಮೊದಲನೆಯದರ ಫೋಟೋ ನೋಡಿದರೆ ಇಬ್ಬರೂ ಬೇರೆ ಬೇರೆ. ಒಬ್ಬಳು ಹೋದಳು, ಇನ್ನೊಬ್ಬಳು ಬಂದಳು, ತಾರೀಖು ಸುಮ್ಮನೆ ಕೂಡಿಬಂದಿತ್ತು. ಎರಡನೆಯ ಜೋಡಿ ಒಬ್ಬಳೇ. ಎರಡೂ ಹೆಸರು ಕೂಡಿದರೆ ಇನ್ನೂರ ಐವತ್ತರ ಮೇಲಾಗುತ್ತಿತ್ತು. ಆದರೆ ಆಕೆ ಮಾರ್ಚ್ ಮಧ್ಯದಲ್ಲಿ ಕೆಲಸ ಬಿಟ್ಟಿದ್ದಳು. ಸಾಸವಡದ ಕಡೆಯವಳು ಅಂದರು ಕೆಲವರು, ಗಂಡ ಎಲ್ಲಿಗೋ ಕರೆದೊಯ್ದ ಅಂದರು ಕೆಲವರು. ರಿಜಿಸ್ಟರಿನ ವಿಳಾಸಕ್ಕೆ ಕಳಿಸಿದ ಕಾಗದ ತಿರುಗಿ ಬಂತು. ಹಿಂದಿನ ವರ್ಷಗಳ ಮಸ್ಟರುಗಳಲ್ಲಿ ಮದುವೆಯ ಕಾಲಕ್ಕೆ ನಿಂತುಹೋದ ಸಾಲು ಎಷ್ಟಿದ್ದವೋ, ನಾನು ತೆರೆದು ನೋಡಲಿಲ್ಲ. ನೋಡುವ ಶಕ್ತಿ ನನಗೆ ಉಳಿದಿರಲಿಲ್ಲ.

ಪಟ್ಟಿ ಅರವತ್ತೊಂಬತ್ತಾಯಿತು. ಬಾಗಿಲಲ್ಲಿ ಬಂದು ನಿಲ್ಲುವರೆಂದ ನಲವತ್ತಮೂರು ಜನರಲ್ಲಿ ಬಂದವರು ನಾಲ್ವರು. ಅವರಿಗೆ ಹಾಳೆ ತೆರೆದು ದಿನ ದಿನ ತೋರಿಸಿದೆ, ತಾವೇ ಎಣಿಸಿ ನೋಡಿ ಹೋದರು. ನನ್ನ ಪ್ರೊಬೇಷನ್ನು ಆರು ತಿಂಗಳು ಮುಂದೆ ಹೋಯಿತು. ಹೆಂಡತಿಗೆ ಹೇಳಿದಾಗ ಅವಳು ಅಂದು ಚಹಾಕ್ಕೆ ಸಕ್ಕರೆ ಹೆಚ್ಚು ಹಾಕಿಕೊಟ್ಟಳು.

ತಿಂಗಳ ಕೊನೆಗೆ ನೇಮಕಾತಿ ಪತ್ರ ಟೈಪ್ ಮಾಡುವ ಕೆಲಸವೂ ನನಗೇ ಬಂತು. ಅಶ್ವಿನಿಯ ಪತ್ರಕ್ಕೆ ಬಂದಾಗ ಬೆರಳು ನಿಂತವು. ಫಾರ್ಮಿನಲ್ಲಿ ಹೆಸರಿಗೆ ಒಂದೇ ಗೆರೆ. ಆಫೀಸರನ್ನು ಕೇಳಿದರೆ "ಯಾವುದಾದ್ರೂ ಒಂದು ಹಾಕಿ, ಅವರನ್ನೇ ಕೇಳಿ" ಅಂದರು. ಊಟದ ಹೊತ್ತಿಗೆ ಅವಳನ್ನು ಕಿಟಕಿಗೆ ಕರೆಸಿದೆ.

"ಯಾವ ಹೆಸರು ಬರೀಲಿ, ತಂಗಿ?"

ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. "ಯಾವ ಹೆಸರಂದ್ರ?"

"ರೇಣುಕಾ ಅಂತ ಬರೀಲೊ, ಅಶ್ವಿನಿ ಅಂತ ಬರೀಲೊ? ನಿನಗ ಯಾವದು ಬೇಕು?"

ಸೆರಗಿನಿಂದ ಮುಖ ಒರೆಸಿಕೊಂಡಳು. ಸುತ್ತ ಯಾರಾದರೂ ಇದ್ದಾರೆಯೇ ಅಂತ ಹಿಂದೆ ತಿರುಗಿ ನೋಡಿದಳು.

"ಅತ್ತಿ ಹೆಸರೂ ರೇಣುಕಾನ ಇತ್ರಿ. ಒಂದ ಮನ್ಯಾಗ ಎರಡು ರೇಣುಕಾ ಬ್ಯಾಡಂತ ಬದಲಿ ಮಾಡಿದ್ರು. ನನಗ ಬೇಕೇನು ಅಂತ ಯಾರೂ ಕೇಳಿಲ್ರಿ." ಸರಳು ಹಿಡಿದು ಹತ್ತಿರ ಬಂದಳು. "ಒಬ್ಬಾಕಿದ ಬರದ್ರ ಇನ್ನೊಬ್ಬಾಕಿ ದುಡದದ್ದು ಎಲ್ಲಿ ಹೋತ್ರಿ, ಅಣ್ಣಾರ? ಇಬ್ಬರದೂ ಬರೀರಿ."

ಬರೆದೆ. ರೇಣುಕಾ ಶಿವಪ್ಪ ಉರ್ಫ್ ಅಶ್ವಿನಿ ಮಹಾದೇವ, ಒಂದರ ಜೊತೆ ತಂದೆಯ ಹೆಸರು, ಇನ್ನೊಂದರ ಜೊತೆ ಗಂಡನದು, ಅದರ ಮುಂದೆ ಅಡ್ಡಹೆಸರು. ಹೆಸರು ಗೆರೆ ದಾಟಿ ಹಾಳೆಯ ಅಂಚಿನವರೆಗೆ ಹೋಯಿತು. ಆಫೀಸರು ನೋಡಿ ಸಹಿ ಮಾಡಿದರು. ಮರುದಿನ ಪತ್ರವನ್ನು ಕಿಟಕಿಯಿಂದ ಅವಳ ಕೈಗೆ ಕೊಟ್ಟೆ. ಇಂಗ್ಲಿಷಿನಲ್ಲಿ ಅದ, ಓದಿ ಹೇಳ್ರಿ ಅಂದಳು. ಹೆಸರಿನಿಂದ ಶುರು ಮಾಡಿದೆ.

"ರೇಣುಕಾ ಶಿವಪ್ಪ" ಅಂದೆ.

"ಹೂಂನ್ರಿ" ಅಂದಳು.

"ಅಶ್ವಿನಿ ಮಹಾದೇವ" ಅಂದೆ.

"ಹೂಂನ್ರಿ" ಅಂದಳು ಮತ್ತೆ, ಮೊದಲಿನಷ್ಟೇ ಗಟ್ಟಿಯಾಗಿ.